ದೈವವ್ಯಪಾಶ್ರಯ ಪ್ರಕರಣಂ: ಲಕ್ಕುಂಡಿ ಪಾಠ

ನೊಂದ ಮನಸ್ಸಿಗೆ ದೇವರನ್ನು ಬೆರೆಸಿ ಕೊಡುವ ಮದ್ದು ಎಷ್ಟು ಬಗೆ ಎಂಬುದೇ ಇಲ್ಲಿನ ವಿಚಾರ. ಚರಕಸಂಹಿತೆ ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿದೆ: ಮಂತ್ರ, ಹೋಮ, ಬಲಿಗಳ ದೈವವ್ಯಪಾಶ್ರಯ, ಪಥ್ಯ, ಔಷಧಗಳ ಯುಕ್ತಿವ್ಯಪಾಶ್ರಯ, ಅಹಿತದ ಕಡೆಗೆ ಹರಿಯುವ ಮನಸ್ಸನ್ನು ಹಿಡಿದು ನಿಲ್ಲಿಸುವ ಸತ್ತ್ವಾವಜಯ. ನಾಲ್ಕನೆಯದನ್ನು ಚರಕ ಹೇಳಿಲ್ಲ. ಆತ ಗದಗ ಸೀಮೆಗೆ ಬಂದ ದಾಖಲೆಯಿಲ್ಲ, ಹಾಗಾಗಿ ತಪ್ಪು ಹೊರಿಸುವಂತಿಲ್ಲ. ಮನುಷ್ಯನನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಒಳಗಿರುವ ದೇವರ ನೆಪದಲ್ಲಿ ಪಕ್ಕದಲ್ಲಿ ಕೂತವರಿಂದ ಗುಣಪಡಿಸುವ ಈ ಬಗೆಗೆ ಕಟ್ಟೆವ್ಯಪಾಶ್ರಯ ಎಂದು ಹೆಸರಿಟ್ಟಿದ್ದೇವೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೇಳಿಕೊಳ್ಳುವ ಗದಗ ಸೀಮೆಯ ಲಕ್ಕುಂಡಿಯಲ್ಲಿ ಕಟ್ಟೆಗೇನೂ ಬರವಿಲ್ಲ.

ಮೊದಲು ರೋಗಿಭೇದ. ‘ಮನಸಿಗೆ ಹಚ್ಚಿಕೊಂಡಾಳ’, ‘ಗಾಳಿ ಸೋಕೇತಿ’, ‘ಮೈಮ್ಯಾಲೆ ಬರತೈತಿ’ ಎಂದು ಮೂರು. ಮೊದಲನೆಯವರಿಗೆ ಬೈಗುಳ, ಎರಡನೆಯವರಿಗೆ ತಾಯತ, ಮೂರನೆಯವರಿಗೆ ನಮಸ್ಕಾರ ಸಲ್ಲುವುದು ರೂಢಿ. ಪಂಡಿತರು ನಗಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೇ ಆವೃತ್ತಿ ಮೈಮೇಲೆ ಬರುವುದಕ್ಕೂ ಎಫ್ 44.3 ಎಂಬ ಅಂಕಿ ಕೊಟ್ಟಿದೆ. ಬೇಡವಾಗಿ ಬಂದಿರಬೇಕು, ಧಾರ್ಮಿಕ ಸಂದರ್ಭದ ಹೊರಗೆ ಬಂದಿರಬೇಕು ಎಂಬ ಷರತ್ತೂ ಇದೆ. ಎಂದರೆ, ಜಾತ್ರೆಯಲ್ಲಿ ಬಂದರೆ ದೇವರು, ಬುಧವಾರ ಮಧ್ಯಾಹ್ನ ರೊಟ್ಟಿ ಬಡಿಯುವಾಗ ಬಂದರೆ ಎಫ್ 44.3.

ವೈದ್ಯಭೇದ: ಅಂಗಾರ ಕೊಡುವವರು, ಹೇಳಿಕೆ ಹೇಳುವವರು, ಹೊಡೆದು ಬಿಡಿಸುವವರು. ಕೊನೆಯವರನ್ನು ಈ ಶಾಸ್ತ್ರದಿಂದ ಹೊರಗಿಟ್ಟಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ಆಶ್ರಯಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಜೀವ ಹೋದವು. ಸರಪಳಿ ಹಾಕಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಇನ್ನು ವೈದ್ಯರನ್ನು ಧರ್ಮವಾರು ಒಡೆಯಲು ಒಂದು ಕೋಷ್ಟಕ ಹಾಕಿದ್ದೆವು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವುದರಿಂದ ಅದು ಅಲ್ಲಿಗೇ ಕೆಟ್ಟಿತು.

ಕಟ್ಟೆವ್ಯಪಾಶ್ರಯದಲ್ಲಿ ಎರಡು ಶಾಖೆ, ಎರಡಕ್ಕೂ ಲಕ್ಕುಂಡಿಯೇ ಪ್ರಮಾಣ. ಒಂದು, ಕೈಗೆ ಕೆಲಸ ಕೊಡುವುದು. ಅತ್ತಿಮಬ್ಬೆಯ ಗಂಡ ನಾಗದೇವ ಯುದ್ಧದಲ್ಲಿ ಮಡಿದ. ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಚಿತೆಯೇರಿದಳು. ಉಳಿದವಳು ಮಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು, 1007ರಲ್ಲಿ ಇಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಇದನ್ನು ದಾನವೆಂದು ಕರೆದವರು ಸರಿ. ಎರಡು ಹೆಣ ಕಂಡವಳು ಮರುದಿನ ಎದ್ದು ಲಿಪಿಕಾರರಿಗೆ ಓಲೆ ಎಣಿಸಿ ಕೊಡುವುದರಲ್ಲಿ ಬೇರೇನೋ ಇದೆ ಎಂಬುದು ನಮ್ಮ ಪಕ್ಷ. ಆಕ್ಷೇಪವೆತ್ತುವವರು ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದನ್ನು ನೋಡಬಹುದು. ತಮಿಳುನಾಡಿನ ಒಂದು ಗುಡಿಯಲ್ಲಿ ತೀವ್ರ ಮನೋರೋಗದ 31 ಜನ ಸರಾಸರಿ ಆರು ವಾರ ಇದ್ದರು. ವಿಶೇಷ ಪೂಜೆಯಿಲ್ಲ, ಗುಳಿಗೆಯಿಲ್ಲ. ಕಸ ಹೊಡೆದರು, ಗಿಡಕ್ಕೆ ನೀರು ಹಾಕಿದರು, ಮನೆಯವರೊಬ್ಬರು ಜೊತೆಗಿದ್ದರು. ರೋಗದ ಅಂಕ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಇಳಿಯಿತು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಇನ್ನೊಂದು ಶಾಖೆ ಮಾತಿನದು, ಇದಕ್ಕೆ ಪ್ರಮಾಣ ಲಕ್ಕುಂಡಿಯ ವಚನಕಾರ್ತಿ ಮುಕ್ತಾಯಕ್ಕ. ಅಣ್ಣ ಅಜಗಣ್ಣ ಲಿಂಗವನ್ನು ಬಾಯಲ್ಲಿಟ್ಟುಕೊಂಡು ಭಕ್ತಿಯನ್ನು ಯಾರಿಗೂ ತೋರದೆ ಬಾಳಿದವನು. ಅವನೇ ಅವಳಿಗೆ ಗುರು. ಅವನು ತೀರಿಕೊಂಡಾಗ ಅಳುತ್ತ ಕೂತವಳ ಬಳಿಗೆ ಅಲ್ಲಮಪ್ರಭು ಬಂದದ್ದನ್ನು ಶೂನ್ಯಸಂಪಾದನೆ ಬಿಡಿಸಿ ಹೇಳುತ್ತದೆ. ಬಂದವನು ‘ಅಳಬ್ಯಾಡ’ ಎಂದು ಬೆನ್ನು ಸವರಿ ಹೋಗಲಿಲ್ಲ. ನೀನು ಯಾರು, ಈ ಅಳು ಯಾಕೆ ಎಂದು ಕೇಳಿದ. ಅವಳು ಉತ್ತರ ಕೊಟ್ಟು ಸುಮ್ಮನಾಗಲಿಲ್ಲ. ಅರಿತವನಾದರೆ ನಿನಗೆ ಇನ್ನೂ ಮಾತಿನ ಹಂಗೇಕೆ ಎಂದು ಅವನನ್ನೇ ತಿರುಗಿ ಹಿಡಿದಳು. ರೋಗಿ ಹೀಗೆ ಎದುರಾಡಿದರೆ ಇಂದಿನ ಕೇಸ್‌ಪೇಪರಿನಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಬರೆಯುತ್ತಾರೆ. ಪ್ರಭು ಕೂತು ವಾದಿಸಿದ. 1917ರಲ್ಲಿ ಫ್ರಾಯ್ಡ್, ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸವೆಂದ. ನಂಟು ಕಡಿಯಬೇಕಿಲ್ಲ, ಬೇರೆ ರೂಪದಲ್ಲಿ ಇಟ್ಟುಕೊಳ್ಳಬಹುದು ಎಂದು ಪಶ್ಚಿಮದ ವಿದ್ವಾಂಸರು ಪುಸ್ತಕ ತಂದದ್ದು 1996ರಲ್ಲಿ. ಅದಕ್ಕೂ ಎಷ್ಟೋ ಹಿಂದಿನ ಮುಕ್ತಾಯಕ್ಕನ ವಚನಗಳ ಅಂಕಿತವೇ ಅಣ್ಣನ ಹೆಸರು.

ಉಳಿದದ್ದು ಮಿಶ್ರವರ್ಗ, ಸಂಖ್ಯೆಯಲ್ಲಿ ಇವರೇ ಜಾಸ್ತಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಿಂದ ತಂದ ಗುಳಿಗೆಯನ್ನು ಮಠದ ಅಜ್ಜಾರ ಕೈಗೆ ಮುಟ್ಟಿಸಿ, ಅಂಗಾರ ಹಚ್ಚಿಕೊಂಡು ನುಂಗುವವರು. ಜೊತೆಗೆ ಐದು ಸೋಮವಾರದ ಹರಕೆ. ಖಿನ್ನತೆಯ ಗುಳಿಗೆ ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆದ್ದರಿಂದ ಐದನೇ ಸೋಮವಾರದ ಹೊತ್ತಿಗೆ ರೋಗಿ ನಗುತ್ತಿರುತ್ತಾನೆ, ಹೆಸರು ದೇವರಿಗೆ ಹೋಗುತ್ತದೆ. ಹೋಗಲಿ, ದವಾಖಾನೆಯವರು ಬೇಜಾರು ಮಾಡಿಕೊಳ್ಳುವಂಥದ್ದೇನಲ್ಲ. ಪೇಚು ಬರುವುದು ಆರನೇ ವಾರ: ಹರಕೆ ತೀರಿತೆಂದು ಗುಳಿಗೆಯೂ ನಿಲ್ಲುತ್ತದೆ, ಬೇನೆ ಮರಳುತ್ತದೆ, ಮತ್ತೆ ಗಾಳಿಯ ಮೇಲೆ ಹೊರಿಸುತ್ತಾರೆ. ಗುಣ ಕಂಡಮೇಲೂ ಕನಿಷ್ಠ ಆರು ತಿಂಗಳು ಗುಳಿಗೆ ಬಿಡಬಾರದು. ಈ ಶಾಸ್ತ್ರ ಮಠ, ದರ್ಗಾ, ಗುಡಿಗಳ ಹಿರಿಯರಲ್ಲಿ ಬಿನ್ನವಿಸುವುದಿಷ್ಟೇ: ಗುಣ ಕಂಡಲ್ಲಿಂದ ಎಣಿಸಿ, ಹರಕೆಯನ್ನು 26 ಸೋಮವಾರಕ್ಕೆ ಏರಿಸಿರಿ. ಕಡೆಯ ಸೋಮವಾರ ಯಾವುದೆಂದು ಮಾತ್ರ ಡಾಕ್ಟರು ಹೇಳಲಿ.