ಫೈಲುಭೇದನಿರ್ಣಯ

ಫೈಲು ಒಂದೇ ಬಗೆಯದೋ ಎರಡು ಬಗೆಯದೋ ಎಂಬ ಪ್ರಶ್ನೆ ಬ್ರಹ್ಮವಿಚಾರಕ್ಕಿಂತ ಕಿರಿದಾದರೂ ಜಗಳದಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಯುನಿಕ್ಸ್ ಮತದವರು ಅದ್ವೈತಿಗಳು: ಫೈಲೆಂದರೆ ಬೈಟುಗಳ ಸಾಲು, ಪಠ್ಯ-ಬೈನರಿ ಎಂಬ ಭೇದ ಬರೀ ಮಾಯೆ. ಡಾಸ್ ಹಾಗೂ ಅದರ ವಾರಸುದಾರ ವಿಂಡೋಸ್ ಮತದವರು ದ್ವೈತಿಗಳು: ಭೇದ ಸತ್ಯ, ನಿತ್ಯ. ಡೈರೆಕ್ಟರಿಯನ್ನು ಮೌಂಟ್ ಮಾಡುವಾಗ ಬೇಕಾದ ಮತವನ್ನು ಆರಿಸಿಕೊಳ್ಳಲು ಬಿಟ್ಟ, ವಿಂಡೋಸಿನಲ್ಲಿ ಯುನಿಕ್ಸ್ ಪರಿಸರ ಒದಗಿಸುವ ಸಿಗ್ವಿನ್‌ನವರನ್ನು ವಿಶಿಷ್ಟಾದ್ವೈತಿಗಳೆನ್ನಲು ಅಡ್ಡಿಯಿಲ್ಲ.

ಭೇದಕ್ಕೆ ಕಾರಣವೇನು? ಸಾಲು ಮುಗಿಯಿತೆನ್ನಲು ಯುನಿಕ್ಸಿಗೆ 10 ಎಂಬ ಒಂದು ಬೈಟು ಸಾಕು. ಡಾಸಿಗೆ 13 ಮತ್ತು 10 ಎರಡೂ ಬೇಕು. ಮೊದಲನೆಯದು ಟೆಲಿಪ್ರಿಂಟರಿನ ಅಚ್ಚುಗಾಡಿಯನ್ನು ಎಡಕ್ಕೆ ಎಳೆಯಲು, ಎರಡನೆಯದು ಕಾಗದವನ್ನು ಮೇಲೇರಿಸಲು. ಯಂತ್ರ ಗುಜರಿಗೆ ಹೋಯಿತು, ತಿಥಿ ಮಾತ್ರ ಸಾಲುಸಾಲಿಗೂ ನಡೆಯುತ್ತಿದೆ. ಇನ್ನು 26. ಡಾಸಿನ ಹಿರಿಯನಾದ ಸಿಪಿ/ಎಂ ಫೈಲುಗಳನ್ನು 128 ಬೈಟಿನ ತುಂಡುಗಳಲ್ಲಿ ಮಾತ್ರ ಅಳೆಯುತ್ತಿತ್ತು. ಕೊನೆಯ ತುಂಡಿನಲ್ಲಿ ಪಠ್ಯ ಎಲ್ಲಿಗೆ ಮುಗಿಯಿತೆಂದು ತಿಳಿಸಲು ಇಟ್ಟ ಗುರುತು ಅದು. ಡಾಸಿಗೆ ಬೈಟುಬೈಟಿನ ಲೆಕ್ಕ ಗೊತ್ತಿತ್ತು. ಆದರೂ ಹಿರಿಯರ ಗುರುತನ್ನು ಅಳಿಸಲಿಲ್ಲ.

ಈಗ ಯುನಿಕ್ಸ್ ಸಂಪ್ರದಾಯದಲ್ಲಿ ಹುಟ್ಟಿ ಬೆಳೆದ ಸಿ ಭಾಷೆಯ ನಕಲು ಟೂಲೊಂದನ್ನು ವಿಂಡೋಸಿಗೆ ಪೋರ್ಟ್ ಮಾಡೋಣ. ಫೈಲುಭೇದದ ಬಗ್ಗೆ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ರೀಡ್‌ಮಿ ಫೈಲು ಲಕ್ಷಣವಾಗಿ ನಕಲಾಗುತ್ತದೆ. ಚಿತ್ರವೊಂದನ್ನು ಕೊಟ್ಟು ನೋಡಿ, ಅದನ್ನೂ ಪಠ್ಯವೆಂದೇ ಓದುತ್ತದೆ: ಕುಗ್ಗಿಸಿದ ದತ್ತಾಂಶದಲ್ಲಿ ಸರಾಸರಿ 256 ಬೈಟಿಗೊಮ್ಮೆ 26 ಬರುತ್ತದೆ, ಬಂದಲ್ಲಿಗೆ ಓದು ಸಮಾಪ್ತಿ. ಬರೆಯುವ ಕಡೆ ಪ್ರತಿ 10ಕ್ಕೂ ಮೊದಲು ಒಂದು 13 ಹುಟ್ಟುತ್ತದೆ, ಅಂದರೆ 1 ಎಂಬಿಗೆ ಸುಮಾರು 4096 ಬೈಟು ಬೊಜ್ಜು. ಓದಿದರೆ ಕ್ಷಯ, ಬರೆದರೆ ಸ್ಥೌಲ್ಯ.

ಪರಿಹಾರಕ್ಕೆಂದು 1989ರ ಆನ್ಸಿ ಸಿ ಬೈನರಿಸೂಚಕವಾದ ‘ಬಿ’ ಎಂಬ ಏಕಾಕ್ಷರ ಮಂತ್ರವನ್ನು ಅನುಗ್ರಹಿಸಿದೆ. ಫೈಲು ತೆರೆಯುವಾಗ ‘ಆರ್’ ಬದಲು ‘ಆರ್‌ಬಿ’ ಎಂದರಾಯಿತು. ಪಾಣಿನಿಯ ಇತ್ ಅಕ್ಷರವಾದರೂ ಕೆಲಸ ಮುಗಿಸಿ ಲೋಪವಾಗುತ್ತದೆ. ಯುನಿಕ್ಸಿನಲ್ಲಿ ಈ ‘ಬಿ’ ಏನೂ ಮಾಡದೆಯೇ ಲೋಪವಾಗುತ್ತದೆ. ಪೈಪಿನಲ್ಲಿ ಬರುವ ದತ್ತಾಂಶಕ್ಕೆ ಮಂತ್ರ ಫಲಿಸದು, ಏಕೆಂದರೆ ಪ್ರೋಗ್ರಾಂ ಕಣ್ಣು ಬಿಡುವ ಮೊದಲೇ ಆ ಫೈಲು ತೆರೆದಿರುತ್ತದೆ. ಅದಕ್ಕೆ ಸೆಟ್‌ಮೋಡ್ ಎಂಬ ಪ್ರಾಯಶ್ಚಿತ್ತ ಬೇರೆ ಇದೆ.

ಪಿಎನ್‌ಜಿ ಚಿತ್ರದ ಕರ್ತೃಗಳು ಇದನ್ನೆಲ್ಲ ಬಲ್ಲವರು. ಅವರ ಫೈಲಿನ ನಾಂದಿ ಎಂಟು ಬೈಟು: 137, 80, 78, 71, 13, 10, 26, 10. ಸಾಲಿನ ಕೊನೆಗಳನ್ನು ಯಾರಾದರೂ ತಿದ್ದಿದ್ದರೆ ನಾಂದಿಯೇ ಕೆಟ್ಟು, ಕಳ್ಳ ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ.

ಇನ್ನು ಪ್ರಸ್ತುತ ಲೇಖಕನ ಪ್ರಧಾನ ಸಂಶೋಧನೆ. ಯುಟಿಎಫ್-16 ಎಂಬ ಅಕ್ಷರಸಂಕೇತದಲ್ಲಿ ನಮ್ಮ ಅಕ್ಷರಕ್ಕೆ ಎರಡು ಬೈಟು. ಮೇಲಿನ ಬೈಟು ದೇವನಾಗರಿ, ಬಂಗಾಳಿಗೆ 9, ಗುರುಮುಖಿ, ಗುಜರಾತಿಗೆ 10, ಒಡಿಯಾ, ತಮಿಳಿಗೆ 11, ತೆಲುಗು, ಕನ್ನಡಕ್ಕೆ 12, ಮಲಯಾಳಕ್ಕೆ 13. 9ರಿಂದ 13ರವರೆಗಿನ ಐದನ್ನೂ ಸಿ ಭಾಷೆ ಖಾಲಿ ಜಾಗವೆಂದೇ ಎಣಿಸುತ್ತದೆ. ಅಂದರೆ ಭಾರತೀಯ ಸಾಹಿತ್ಯ ಅದರ ಕಣ್ಣಿಗೆ ಅರ್ಧಕ್ಕರ್ಧ ಖಾಲಿ. ‘ಬಿ’ ಮರೆತು ಬರೆದರೆ ಗುಜರಾತಿಯ ಅಕ್ಷರಕ್ಕೊಂದು 13 ಅಂಟುತ್ತದೆ. ತೆಲುಗಿನ ‘ಚ’ದ ಕೆಳಬೈಟು 26, ಹಾಗಾಗಿ ‘ಚಂದಮಾಮ’ ಕಂಡಲ್ಲಿಗೆ ತೆಲುಗು ಮುಗಿಯಿತು. ಕನ್ನಡದ ಕೆಳಬೈಟುಗಳೆಲ್ಲ 128 ಅಥವಾ ಅದರ ಮೇಲಿರುವುದರಿಂದ ನಮಗೆ ವಿಘ್ನವಿಲ್ಲ, ಎಂಟರ್ ಕೀಲಿ ಒತ್ತದಿದ್ದರೆ. ಒತ್ತಿದರೆ ನಡುವೆ 13 ನುಸುಳಿ, ಬೈಟುಗಳ ಜೋಡಿ ತಪ್ಪಿ, ಎರಡನೆಯ ಸಾಲಿನಲ್ಲಿ ‘ಕ’ ಚೀನಿಯಾಗುತ್ತದೆ, ‘ರ’ ಕೊರಿಯನ್ ಆಗುತ್ತದೆ. ಏಕಪಂಕ್ತಿ ಮಹಾಕಾವ್ಯವನ್ನು ನಮ್ಮ ಕವಿಗಳು ಗಂಭೀರವಾಗಿ ಪರಿಶೀಲಿಸಬೇಕು.

ಯುಟಿಎಫ್-8ರಲ್ಲಿ ಕನ್ನಡದ ಬೈಟುಗಳೆಲ್ಲ 128ರಿಂದ ಮೇಲೆಯೇ, ಜೋಡಿಯ ಹಂಗೂ ಇಲ್ಲ, ಅದನ್ನೇ ಬಳಸಿದರೆ ಈ ಪೀಡೆಯೆಲ್ಲಿದೆ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಮಾತು ನಿಜವೇ. ಆದರೆ ಅದನ್ನು ಒಪ್ಪಿದರೆ ಪ್ರಧಾನ ಸಂಶೋಧನೆಗೆ ಕೆಲಸವಿಲ್ಲದಂತಾಗುವುದರಿಂದ ಆ ಪಕ್ಷವನ್ನು ನಿರಾಕರಿಸಲಾಗಿದೆ.