ಲತಾಮೀಮಾಂಸೆ: ಮೂರಡಿ ಸಂದಿಯ ಬೇಲಿಗೆ ಬಳ್ಳಿ ಯಾವುದು?

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳದೆ ಯಾವ ಶಾಸ್ತ್ರವೂ ಮುಂದಡಿ ಇಡುವಂತಿಲ್ಲ. ನಮ್ಮ ಶಾಸ್ತ್ರದಲ್ಲಂತೂ ಅಡಿ ಇಡಲು ಇರುವ ಜಾಗವೇ ಕಡಿಮೆ. ವಿಷಯ: ಪುಣೆಯ ಕೋಥರೂಡಿನಲ್ಲಿ ಹಳೆಯ ಬಂಗಲೆಗೂ ಅದರ ಕಾಂಪೌಂಡಿಗೂ ನಡುವೆ ಮಿಕ್ಕಿರುವ, ಊರವರು ಸೈಡ್ ಮಾರ್ಜಿನ್ ಎನ್ನುವ ಮೂರಡಿ ಸಂದಿ ಮತ್ತು ಅದರ ತಂತಿಬೇಲಿ. ಅಧಿಕಾರಿ: ಬಳ್ಳಿ ಬೇಕು, ಅದರ ಚಾಕರಿ ಬೇಡ ಎನ್ನುವ ಗೃಹಸ್ಥ. ಸಂಬಂಧ: ಪಕ್ಕದ ಮನೆಯವರೊಂದಿಗೆ ಸದ್ಯಕ್ಕೆ ಚೆನ್ನಾಗಿದೆ. ಪ್ರಯೋಜನ: ಅವರು ಒಣಹಾಕಿದ ಬನಿಯನ್ನುಗಳು ನಮ್ಮ ಊಟದ ಮೇಜಿಗೆ ಕಾಣದಿರುವುದು.

ಇನ್ನು ಸಂಶಯ. ಆರೈಕೆ ಬೇಡದ ಬಳ್ಳಿ ಎಂಬ ಪದಾರ್ಥ ಲೋಕದಲ್ಲಿ ಉಂಟೋ ಇಲ್ಲವೋ? ಉಂಟೆನ್ನುವುದು ನರ್ಸರಿ ಮತ. ಸೊಲ್ಲಾಪುರ ರಸ್ತೆಯಲ್ಲಿ ಹಡಪಸರ ದಾಟಿ ಹೋದರೆ ಈ ಮತದ ಮಠಗಳು ಸಾಲಾಗಿವೆ. ಯಾವ ಕುಂಡ ಮುಟ್ಟಿದರೂ ‘ಕಾಹೀ ಕರಾವ ಲಾಗತ್ ನಾಹೀ’, ಏನೂ ಮಾಡಬೇಕಿಲ್ಲ ಎಂಬ ಒಂದೇ ವಾಕ್ಯ. ಶಬ್ದಪ್ರಮಾಣವನ್ನು ಅಲ್ಲಗಳೆಯುವುದು ಕಷ್ಟ, ಅದರಲ್ಲೂ ಆ ಶಬ್ದಕ್ಕೆ ನಗದು ಕೊಟ್ಟು ಬಂದ ಮೇಲೆ.

ಪುಣೆಯ ಕನ್ನಡಿಗರಲ್ಲಿ ಈ ಬಗ್ಗೆ ಎರಡು ಸಂಪ್ರದಾಯಗಳಿವೆ. ಕರಾವಳಿಯವರು ಬಸಳೆ ಎನ್ನುತ್ತಾರೆ. ಮರಾಠಿಯವರ ಮಾಯಾಳು ಅದೇ, ಆದರೆ ಅವರು ಅದರಿಂದ ಭಜಿ ಮಾಡುತ್ತಾರೆಂಬ ಕಾರಣಕ್ಕೆ ಕರಾವಳಿಯವರು ಈ ಐಕ್ಯವನ್ನು ಒಪ್ಪುವುದಿಲ್ಲ. ತಿನ್ನುವ ಬಳ್ಳಿಗೆ ಬೇರೆ ಕತ್ತರಿ ಬೇಡ, ಹುಳಿಗೆ ಕೊಯ್ದದ್ದೇ ಕತ್ತರಿ ಎಂಬುದು ಅವರ ಯುಕ್ತಿ. ಧಾರವಾಡದ ಕಡೆಯವರು ಮಲ್ಲಿಗೆ, ಜಾಜಿ ಎಂದು ಶುರುಮಾಡುತ್ತಾರಾದರೂ ಆ ಮತದ ಹಿರಿಯ ಆಚಾರ್ಯೆ, ಅಂದರೆ ನಮ್ಮ ಅತ್ತೆಯವರು, ಇಡೀ ಚರ್ಚೆಯನ್ನು ಒಂದೇ ಮಾತಿನಲ್ಲಿ ತಡೆದರು: “ಏನರೆ ಹಚ್ರಿ. ನೀರ ಹಾಕಾಂವ ಯಾಂವ, ಅದನ್ನ ಮದ್ಲ ಹೇಳ್ರಿ.” ಈ ಆಕ್ಷೇಪಕ್ಕೆ ಸಮಾಧಾನವನ್ನು ಮುಂದೆ ಹೇಳಲಾಗುವುದು. ಅವರ ಎದುರಿಗೆ ಹೇಳಲು ಧೈರ್ಯವಾಗಲಿಲ್ಲ.

ಪಾಶ್ಚಾತ್ಯ ಪ್ರಮಾಣವೂ ಇದೆ. ಹಬ್ಬುವ ಗಿಡಗಳ ಚಲನೆಯ ಮೇಲೆ ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಸುದೀರ್ಘ ಪ್ರಬಂಧ ಪ್ರಕಟಿಸಿದ. ಹತ್ತು ವರ್ಷದ ಮೇಲೆ ಅದೇ ಪುಸ್ತಕವಾಯಿತು. ಕಾಯಿಲೆ ಬಿದ್ದು ಕೋಣೆಯಲ್ಲೇ ಇರಬೇಕಾಗಿ ಬಂದಾಗ ಕುಂಡದ ಹಾಪ್ ಬಳ್ಳಿಯನ್ನು ಹಗಲೂ ರಾತ್ರಿ ನೋಡಿ, ಬೇಸಗೆಯ ಹಗಲಿನಲ್ಲಿ ಅದರ ಕುಡಿ ಸರಾಸರಿ 2 ಗಂಟೆ 8 ನಿಮಿಷಕ್ಕೆ ಒಂದು ಸುತ್ತು ಬರುತ್ತದೆಂದು ಲೆಕ್ಕ ಹಾಕಿದ. ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ವಿಷಯ ಹೊರಟಲ್ಲಿಗೇ ಬಂದು ಸೇರಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಡಾರ್ವಿನ್ನನನ್ನು ಬೆರಗುಗೊಳಿಸಿದ ಇನ್ನೊಂದು ಬಳ್ಳಿ ನಮ್ಮ ಅತ್ತಿ, ಆಲಗಳ ಕುಲದ್ದು. ಇಂದಿನ ಹೆಸರು ಫೈಕಸ್ ಪ್ಯುಮಿಲಾ. ಅದರ ಬೇರೆಳೆಗಳನ್ನು ಆತ ಗಾಜಿಗೆ ಒತ್ತಿಟ್ಟು, ಅವು ಒಸರುವ ಅಂಟನ್ನು ಪರೀಕ್ಷಿಸಿದ. ಗೋಡೆಗೆ ಕಚ್ಚಿಕೊಂಡರೆ ಅದರ ದಪ್ಪ ಎರಡು ಬೆರಳು ಮೀರದು, ಸಂದಿಯ ಮೂರಡಿಯೂ ಉಳಿಯುತ್ತದೆ; ಆದ್ದರಿಂದ ಇದೇ ಉತ್ತಮವೆಂದು ಪೂರ್ವಪಕ್ಷ. ಅದು ಸರಿಯಲ್ಲ. ಮೊದಲನೆಯದಾಗಿ, ಅಂಟಿ ಹತ್ತುವ ಬಳ್ಳಿಗೆ ತಂತಿ ರುಚಿಸದು. ಬೇಲಿ ಬಿಟ್ಟು ಸಂದಿ ದಾಟಿ ಮನೆಯ ಗೋಡೆಗೇ ಬರುತ್ತದೆ. ಮುಂದಿನ ಕಥೆಯನ್ನು ಪೇಂಟಿಂಗ್ ಕಂತ್ರಾಟುದಾರ ಹೇಳುತ್ತಾನೆ. ಎರಡನೆಯದಾಗಿ, ಬಾಲ್ಯದಲ್ಲಿ ಗೋಡೆಗೆ ಒತ್ತಿಕೊಂಡಿದ್ದ ಈ ಸಾಧು ಪ್ರಾಣಿ ಪ್ರಾಯ ಬಂದೊಡನೆ ದಪ್ಪೆಲೆಯ ಗಟ್ಟಿ ಕೊಂಬೆಗಳನ್ನು ಅಡ್ಡಕ್ಕೆ ಚಾಚಿ ಕಾಯಿ ಬಿಡುತ್ತದೆ. ಆಮೇಲೆ ಗ್ಯಾಸ್ ಸಿಲಿಂಡರ್ ತರುವವನು ಓರೆಯಾಗಿ ನಡೆಯಬೇಕು.

ಬೋಗನ್‌ವಿಲ್ಲಾದ ವಿಚಾರದಲ್ಲಿ ಮಾತು ಚಿಕ್ಕದು. ಫ್ರೆಂಚ್ ನಾವಿಕ ಬೂಗೆನ್‌ವಿಲ್‌ನ ಭೂಪ್ರದಕ್ಷಿಣೆಯಲ್ಲಿ 1767ರ ಸುಮಾರಿಗೆ ಬ್ರೆಜಿಲಿನಲ್ಲಿ ಸಿಕ್ಕಿದ್ದು. ಸಸ್ಯಜ್ಞ ಕಾಮರ್ಸನ್‌ನ ಜೊತೆ ಗಂಡುವೇಷದಲ್ಲಿ ಹಡಗು ಹತ್ತಿದ್ದ ಜೀನ್ ಬಾರೆ ಎಂಬಾಕೆಯೂ ಆಗ ಅಲ್ಲಿದ್ದಳು. ನೀರು ಕಡಿಮೆಯಾದಷ್ಟೂ ಹೂ ಹೆಚ್ಚು, ಅಂದರೆ ಉದಾಸೀನಕ್ಕೆ ಬಹುಮಾನ ಕೊಡುವ ಏಕೈಕ ಬಳ್ಳಿ. ಆದರೆ ಭೂಮಿಯನ್ನೇ ಸುತ್ತಿ ಬಂದ ಮುಳ್ಳಿಗೆ ಮೂರಡಿ ಸಾಲದು. ಕನ್ನಡಾಭಿಮಾನಿಗಳ ಥನ್‌ಬರ್ಜಿಯಾ ಮೈಸೋರೆನ್ಸಿಸ್ ಹೆಸರಿನಲ್ಲೇ ಮೈಸೂರನ್ನು ಹೊತ್ತಿದೆ, ಕೆಂಪು ಹಳದಿ ಗೊಂಚಲನ್ನು ಮಾರುದ್ದ ಇಳಿಬಿಡುತ್ತದೆ. ಅದಕ್ಕೆ ಚಪ್ಪರ ಬೇಕು. ಸಂದಿಗೆ ಚಪ್ಪರ ಹಾಕಿದರೆ ಮೈಸೂರು ಹಣೆಗೆ ಬಡಿಯುತ್ತದೆ.

ಮಧುಮಾಲತಿಯನ್ನು ಮಾತ್ರ ಹೀಗೆ ದಾಟಿಹೋಗುವಂತಿಲ್ಲ. ಹಳೆಯ ಪುಣೆಯ ಗೇಟಿಗೊಂದು ಮಧುಮಾಲತಿ. ಸಂಜೆ ಬಿಳಿಯಾಗಿ ಅರಳಿ, ಗುಲಾಬಿಗೆ ತಿರುಗಿ, ಕೆಂಪಾಗಿ ಉದುರುವ ಹೂ. ಕತ್ತಲಾದರೆ ಇಡೀ ಓಣಿಗೆ ಪರಿಮಳ. ತೊಡಕಿರುವುದು ಬೆಳಕಿನಲ್ಲಿ. ಸಂದಿಗೆ ನಡುಹಗಲಿನ ಬಿಸಿಲೊಂದೇ ಗತಿ, ಬಳ್ಳಿ ಬೆಳಕಿದ್ದ ಕಡೆಗೇ ವಾಲುತ್ತದೆ. ಬುಡ ನಮ್ಮಲ್ಲಿ, ಹೂ ಬೇಲಿಯ ನೆತ್ತಿಯಲ್ಲಿ. ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಗುವ ದೇಹಲೀದೀಪನ್ಯಾಯ ಇಲ್ಲಿ ಸಲ್ಲುತ್ತದೆಂದು ಕೆಲವರು. ದೀಪ ಉದುರುವುದಿಲ್ಲ ಎಂಬುದನ್ನು ಅವರು ಮರೆತಿದ್ದಾರೆ. ಪುಣೆಯ ಪಾಟಿಗಳ ಧಾಟಿಯಲ್ಲಿ ಇದಕ್ಕೊಂದು ಫಲಕ ತೂಗುಹಾಕಬಹುದು: ‘ಬಳ್ಳಿ ನಮ್ಮದು. ಹೂವೂ ನಮ್ಮದೇ. ಮಧ್ಯಾಹ್ನ 1ರಿಂದ 4ರವರೆಗೆ ಮೂಸಬಾರದು.’

ಈಗ ಸಿದ್ಧಾಂತ. ಆರೈಕೆ ಬೇಡ ಎಂಬುದು ಬಳ್ಳಿಯ ಗುಣವಲ್ಲ, ಅದೊಂದು ಅಭಾವ. ತಾರ್ಕಿಕರು ಅಭಾವವನ್ನು ನಾಲ್ಕಾಗಿ ಬಿಡಿಸಿದ್ದಾರೆ. ಬಳ್ಳಿ ನೆಡುವ ಮುಂಚಿನ ಆರೈಕೆಯಿಲ್ಲದ ಸ್ಥಿತಿ ಪ್ರಾಗಭಾವ. ಎಂಪ್ರೆಸ್ ಗಾರ್ಡನ್ನಿನ ಜನವರಿಯ ಪುಷ್ಪಪ್ರದರ್ಶನದಿಂದ ಉತ್ಸಾಹ ಹೊತ್ತು ಮನೆಗೆ ಬರುವ ಕ್ಷಣದವರೆಗೆ ಇದು ಇರುತ್ತದೆ. ಏಪ್ರಿಲ್‌ನಲ್ಲಿ ಬಳ್ಳಿ ಒಣಗಿದ ಮೇಲಿನದು ಪ್ರಧ್ವಂಸಾಭಾವ. ಪುಣೆಗೆ ವರ್ಷಕ್ಕೆ ಬರುವ 700 ಮಿ.ಮೀ. ಆಸುಪಾಸಿನ ಮಳೆ ಬಹುಮಟ್ಟಿಗೆ ಜೂನ್‌ನಿಂದ ಸೆಪ್ಟೆಂಬರಿನೊಳಗೇ ಮುಗಿಯುವುದರಿಂದ ಈ ಅಭಾವ ಸುಲಭಸಾಧ್ಯ. ಪ್ಲಾಸ್ಟಿಕ್ ಬಳ್ಳಿಯಲ್ಲಿರುವುದು ಅತ್ಯಂತಾಭಾವ. ಅದರ ಮೇಲಿನ ಧೂಳನ್ನು ಲೆಕ್ಕಕ್ಕೆ ಹಿಡಿದರೆ ಅದೂ ಇಲ್ಲ. ಉಳಿದದ್ದು ಅನ್ಯೋನ್ಯಾಭಾವ: ನಾನು ಮಾಳಿಯಲ್ಲ, ಮಾಳಿ ನಾನಲ್ಲ. ಗೃಹಸ್ಥರು ಆರೈಕೆ ಬೇಡದ ಬಳ್ಳಿ ಎಂದಾಗಲೆಲ್ಲ ಅವರ ಮನಸ್ಸಿನಲ್ಲಿರುವುದು ಈ ನಾಲ್ಕನೆಯದೇ. ಅತ್ತೆಯವರ ಆಕ್ಷೇಪಕ್ಕೂ ಇದೇ ಸಮಾಧಾನ.

ನಿರ್ಣಯ: ನೆರಳಿನ ಅರ್ಧಕ್ಕೆ ಮನಿಪ್ಲಾಂಟ್. ಹೂ ಬಿಡಿಸುವ ಹಾರ್ಮೋನನ್ನು ತಾನೇ ತಯಾರಿಸಲಾರದ್ದರಿಂದ ಅದು ಹೂವಾಗುವುದೇ ಇಲ್ಲವೆನ್ನಬಹುದು. ಉದುರುವ ಹೂವಿನ ಪ್ರಶ್ನೆಯೂ ಇಲ್ಲ. ಬಿಸಿಲಿನ ಅರ್ಧಕ್ಕೆ ಕರ್ಟನ್ ಕ್ರೀಪರ್. ಬರ್ಮಾ ಕಡೆಯ ಈ ಬಳ್ಳಿಗೆ ಹತ್ತುವುದಕ್ಕಿಂತ ಇಳಿಬೀಳುವುದು ಇಷ್ಟ. ತಾರಸಿಯಂಚಿನಲ್ಲಿ ನೆಟ್ಟರೆ ಸಂದಿಯ ನೆಲ ಕೇಳದೆ ಪರದೆಯಾಗುತ್ತದೆ, ಬರಗಾಲಕ್ಕೂ ಬಗ್ಗದು. ನಡುವೆ ಒಂದು ಹಿಡಿ ಶಂಖಪುಷ್ಪದ ಬೀಜ ಎರಚಿದರೆ ಅಡ್ಡಿಯಿಲ್ಲ, ಅದು ತನ್ನ ವಂಶವನ್ನು ತಾನೇ ನೋಡಿಕೊಳ್ಳುತ್ತದೆ. ಬೇಲಿಯ ಬುಡದಿಂದ ಒಂದಡಿ ಖಾಲಿ ಬಿಡತಕ್ಕದ್ದು, ಪ್ಲಂಬರ್ ಕೂಡ ಜೀವಿಯೇ.

ಇಷ್ಟನ್ನೂ ಕೇಳಿದ ಮಾಳಿ ಒಂದೇ ಪ್ರಶ್ನೆ ಎತ್ತಿದ: “ಕಚರಾ ಕೋಣ್ ಉಚಲಣಾರ್?” ಕಸ ಎತ್ತುವುದು ಪ್ರಯೋಗದ ವಿಷಯ, ಮೀಮಾಂಸೆಯದಲ್ಲ. ಆದರೂ ಬೇಲಿಯಾಚೆಗೆ ಉದುರಿದ ಎಲೆಗೆ ಅಲ್ಲೇ ಏನೋ ವ್ಯವಸ್ಥೆಯಾಗಿದೆ. ಪರದೆ ದಟ್ಟವಾದದ್ದರಿಂದ ಪ್ರತ್ಯಕ್ಷಕ್ಕೆ ಅವಕಾಶವಿಲ್ಲ, ಅನುಮಾನವೇ ಪ್ರಮಾಣ. ಪಕ್ಕದ ಮನೆಯ ಕಡೆಯಿಂದ ಹೊಗೆ ನಮ್ಮ ಅಡುಗೆಮನೆಯ ಕಿಟಕಿಗೇ ನೇರವಾಗಿ ಬರುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ.