ಕೋಲಾರ ಸೀಮೆಯ ಅಲ್ಸರ್: ಒಂದು ಪ್ರಮಾಣ ವಿಚಾರ

ಸುಶ್ರುತ ವ್ರಣವನ್ನು ಎರಡೇ ಬಗೆಯಾಗಿ ವಿಂಗಡಿಸಿದ. ಒಳಗಿನ ದೋಷದಿಂದ ಹುಟ್ಟಿದ್ದು ಶಾರೀರ, ಹೊರಗಿನ ಪೆಟ್ಟಿನಿಂದ ಬಂದದ್ದು ಆಗಂತುಕ. ಚಿಕಿತ್ಸೆಗೆ 60 ಉಪಕ್ರಮಗಳನ್ನೂ ಹೇಳಿದ. ಪಾಪ, ಆತ ಕೋಲಾರ ಜಿಲ್ಲೆಯ ಬೀಗರೂಟ ಉಂಡವನಲ್ಲ. ಉಂಡಿದ್ದರೆ ಮೂರನೆಯ ಬಗೆಯನ್ನು ಸೇರಿಸದೆ ಎಲೆ ಬಿಟ್ಟು ಏಳುತ್ತಿರಲಿಲ್ಲ. ಅದೇ ‘ಅಲ್ಸರ್’.

ಇದಕ್ಕೆ ಪ್ರಮಾಣವೇನು? ‘ವಾಗ್ವಜ್ರ’ ಬರೆದ ಶ್ರೀಪಾದರಾಜರ ಮುಳಬಾಗಿಲಿನಲ್ಲಿ ನಿಂತು ಈ ಪ್ರಶ್ನೆ ಕೇಳದಿದ್ದರೆ ಅಪಚಾರ. ದ್ವೈತಿಗಳಿಗೆ ಪ್ರಮಾಣ ಮೂರು. ಪ್ರತ್ಯಕ್ಷ ಬೇಕೆಂದರೆ ಗಂಟಲಿಗೆ ಎಂಡೋಸ್ಕೋಪಿ ಕೊಳವೆ ಇಳಿಸಬೇಕು. ಅದಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಅನುಮಾನ ಸಲೀಸು: ಎಲ್ಲಿ ಎದೆಯುರಿಯೋ ಅಲ್ಲಿ ಅಲ್ಸರ್, ಬೆಟ್ಟದ ಹೊಗೆ ಕಂಡು ಬೆಂಕಿಯನ್ನು ಊಹಿಸಿದಂತೆ. ತುಪ್ಪ ಸುರಿದ ಮುಳಬಾಗಿಲು ದೋಸೆಯನ್ನು ಒಂದರ ಮೇಲೊಂದು ಇಳಿಸಿದವನಿಗೂ ಉರಿಯುತ್ತದಲ್ಲ ಎಂಬ ಆಕ್ಷೇಪವನ್ನು ಪೂರ್ವಪಕ್ಷವೆಂದು ತಳ್ಳಿಹಾಕಲಾಗಿದೆ. ಉಳಿದದ್ದು ಆಗಮ, ಅಂದರೆ ಮೆಡಿಕಲ್ ಶಾಪಿನವನ ವಾಕ್ಯ: “ಗ್ಯಾಸ್ಟ್ರಿಕ್ ಅಲ್ಲಣ್ಣಾ, ಅಲ್ಸರ್ರೇ ಇದು.”

ಮಾಲೂರು ಹೆಂಚು, ಇಟ್ಟಿಗೆ ಗೂಡುಗಳ ಊರು. ಅಲ್ಲಿ ಬಾಯಿಹುಣ್ಣೆಲ್ಲ ‘ಹೀಟು’. ಗಣಕೆ ಸೊಪ್ಪು, ಮಜ್ಜಿಗೆ; ಅಧ್ಯಾಯ ಮುಗಿಯಿತು.

ಶ್ರೀನಿವಾಸಪುರದ ಪಾಠಾಂತರ ಗಂಭೀರವಾದದ್ದು. ಮಾವಿನ ಸುಗ್ಗಿಯಲ್ಲಿ ತೊಟ್ಟು ಮುರಿದ ತೋತಾಪುರಿಯನ್ನು, ಸೊನೆ ಸೋರುವವರೆಗೂ ತಡೆಯಲಾರದೆ ಕಚ್ಚಿದ ಹುಡುಗರ ಕಟವಾಯಿ ಸುಟ್ಟು, ಗುಳ್ಳೆಯೆದ್ದು, ಒಡೆದು ಹುಣ್ಣಾಗುತ್ತದೆ. ಶುದ್ಧ ಆಗಂತುಕ ವ್ರಣ; ಪ್ರತ್ಯಕ್ಷ ಪ್ರಮಾಣ ಮುಖದ ಮೇಲೇ ಇದೆ. ಆದರೂ ಅಜ್ಜಿ “ಸೊನೆ ತಾಕೈತೆ, ಕೊಬ್ಬರಿ ಎಣ್ಣೆ ಹಚ್ಕೋ ಹೋಗು” ಎಂದು ಕೇಸು ಮುಗಿಸುತ್ತಾಳೆ. ಇದರಿಂದ ಸೂತ್ರ: ಕಂಡದ್ದು ಅಲ್ಸರ್ ಅಲ್ಲ.

ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಪಂಡಿತ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಬಂತು. ಹೊಟ್ಟೆಹುಣ್ಣಿಗೆ ಬಹುಪಾಲು ಕಾರಣ ಖಾರವಲ್ಲ, ಈ ಬ್ಯಾಕ್ಟೀರಿಯಾ. ಇಲ್ಲವೇ ಮಂಡಿನೋವಿಗೆಂದು ದಿನಾ ನುಂಗುವ ಗುಳಿಗೆ. ನಮ್ಮ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಬಡಿಸುವವರ ಗುರುತು ಹತ್ತುವುದಿಲ್ಲ, ಅಲ್ಸರ್‌ಗೆ ಹತ್ತುತ್ತದೆ.

ದೃಷ್ಟಾಂತ: ಪಂಕ್ತಿಯಲ್ಲಿ ಭಾಮೈದ ಬಾಗಿ ಕೇಳುತ್ತಾನೆ, “ಭಾವ, ಇನ್ನರ್ಧ ಮುದ್ದೆ?” ಎಲೆಗೆ ಕೈ ಅಡ್ಡ ಬರುತ್ತದೆ. “ಬ್ಯಾಡಪ್ಪ, ಅಲ್ಸರ್ ಐತೆ.” ಹೆಂಡತಿಯ ತವರಿನ ಜಮೀನಿನ ಭಾಗ ಇನ್ನೂ ಕೋರ್ಟಿನಲ್ಲಿದೆಯಷ್ಟೆ. ಭಾಮೈದ ಆಚೆ ಸರಿದನೋ ಇಲ್ಲವೋ, ಅದೇ ಕೈ ಸಾರಿನ ಬಕೆಟ್ಟಿನವನನ್ನು ಕರೆಯುತ್ತದೆ: “ಏಯ್, ನಲ್ಲಿಮೂಳೆ ಇದ್ರೆ ಇತ್ಲಾಗ್ ಹಾಕೋ!”